ನಮ್ಮ ಮನೆಯ ನಗೆ

ಕೆಲವು ದಿನಗಳ ಹಿಂದೆ ವಿಶಾಖಪಟ್ಟಣದಲ್ಲಿ ನಮ್ಮವರ ಒಂದು ಕೂಟ ನಡೆಯಿತು. ಊಟ ಮುಗಿದು ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರು ತಮ್ಮೂರಿನ ಒಂದು ಮದುವೆಯ ಕಥೆಯನ್ನು ತಮ್ಮೂರಿನ ಮಾತಿನಲ್ಲಿಯೇ ಹೇಳಿದರು. ವಯಸ್ಸಾದವರೆಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಮಕ್ಕಳು ಮುಗುಳ್ನಕ್ಕು ಸುಮ್ಮನಾದರು. ಮೊಮ್ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅವರಲ್ಲಿ ಒಬ್ಬ ಬಾಲಕನು ಏನಾಯಿತೆಂದು ತೆಲುಗಿನಲ್ಲಿ ಕೇಳಿದಾಗ ಹಿರಿಯರು ಅದೇ ಕಥೆಯನ್ನು ತೆಲುಗಿನಲ್ಲಿ ಹೇಳಲು ಯತ್ನಿಸಿದರು. ಕಥೆಯೇನೋ ತೆಲುಗಿಗೆ ಬಂದಿತು. ನಗೆ ಮಾತ್ರ ಬರಲಿಲ್ಲ. ಹಿರಿಯರು ಅರ್ಧಕ್ಕೆ ನಿಲ್ಲಿಸಿ ಸುಣ್ಣದ ಡಬ್ಬಿಯ ಕಡೆಗೆ ಕೈ ಚಾಚಿದರು.

ಅದೇ ಬಾಲಕನು ಅದೇ ಸಂಜೆ ದಾಸರ ಪದವೊಂದನ್ನು ತಪ್ಪಿಲ್ಲದೆ ಹಾಡಿದ್ದನೆಂಬುದನ್ನು ಇಲ್ಲಿ ಹೇಳಲೇಬೇಕು. ಪರಸ್ಥಳದಲ್ಲಿ ನೆಲೆಸಿದವರ ಮನೆಗಳಲ್ಲಿ ತಾಯ್ನುಡಿಯ ಪ್ರಾರ್ಥನೆ ಬಹುಕಾಲ ಉಳಿಯುತ್ತದೆ. ಅಡುಗೆಯ ಹೆಸರುಗಳು ಉಳಿಯುತ್ತವೆ. ಬೈಗಳೂ ಒಂದಿಷ್ಟು ಉಳಿಯುತ್ತವೆ. ಎಲ್ಲಕ್ಕಿಂತ ಮೊದಲು ಮನೆ ಬಿಟ್ಟು ಹೋಗುವುದು ಹಾಸ್ಯ. ಇದನ್ನು ನಾವು ಯಾರನ್ನೂ ದೂಷಿಸುವುದಕ್ಕಾಗಿ ಹೇಳುತ್ತಿಲ್ಲ. ಹೋಟೆಲಿನ ಗಲ್ಲದ ಹಿಂದೆ ಕುಳಿತವರು, ಬ್ಯಾಂಕಿನ ವರ್ಗಾವಣೆಯಿಂದ ಬಂದವರು, ಬಂದರು, ನೌಕಾಪಡೆ, ಉಕ್ಕಿನ ಕಾರ್ಖಾನೆಗಳ ಕೆಲಸಕ್ಕೆ ಬಂದು ಇಲ್ಲಿಯೇ ಮನೆ ಕಟ್ಟಿದವರು, ಹೊಟ್ಟೆಪಾಡಿನ ನಡುವೆ ಮಕ್ಕಳಿಗೆ ಅಕ್ಷರವನ್ನಾದರೂ ಕಲಿಸಿದ್ದಾರೆ. ಆದರೆ ನಗೆಯನ್ನು ಅಕ್ಷರಮಾಲೆಯಿಂದ ಕಲಿಸಲಾಗುವುದಿಲ್ಲ. ಈ ಸಂಗತಿಯನ್ನು ಕುರಿತು ಎರಡು ಮಾತು ಹೇಳಬೇಕೆಂದು ನಮಗೆ ತೋರಿತು; ಹೇಳಲು ತಕ್ಕ ಉದಾಹರಣೆಯು ನಾವು ವಾಸವಾಗಿರುವ ಈ ನೆಲದಲ್ಲಿಯೇ ಇದೆ.

ವಿಶಾಖಪಟ್ಟಣದಿಂದ ಸುಮಾರು 60 ಕಿಲೋಮೀಟರು ದೂರದಲ್ಲಿ ವಿಜಯನಗರಂ ಇದೆ. ಇಂದು ಅದು ಬೇರೆ ಜಿಲ್ಲೆ. 1979ರವರೆಗೆ ಅದರ ಒಂದು ಭಾಗವು ವಿಶಾಖಪಟ್ಟಣ ಜಿಲ್ಲೆಗೇ ಸೇರಿತ್ತು. ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಅಲ್ಲಿಯೇ ಉಪಾಧ್ಯಾಯರಾಗಿ, ಮುಂದೆ ಸಂಸ್ಥಾನದ ಸೇವೆಗೆ ಸೇರಿದ ಗುರಜಾಡ ಅಪ್ಪಾರಾಯರು (1862-1915) ಬರೆದ ‘ಕನ್ಯಾಶುಲ್ಕಂ’ ಎಂಬ ನಾಟಕವು 1892ರಲ್ಲಿ ಆ ಊರಿನ ರಂಗದ ಮೇಲೆ ಮೊದಲು ಪ್ರಯೋಗವಾಯಿತು, 1897ರಲ್ಲಿ ಅಚ್ಚಾಯಿತು. ಮುಂದೆ ಗ್ರಂಥಕರ್ತರೇ ಅದನ್ನು ಬಹಳವಾಗಿ ತಿದ್ದಿ ಬೆಳೆಸಿ 1909ರಲ್ಲಿ ಎರಡನೆಯ ಮುದ್ರಣವನ್ನು ಹೊರತಂದರು. ಇಂದು ತೆಲುಗರ ಮನೆಮನೆಯಲ್ಲಿ ಮಾತಾಗಿರುವುದು ಆ ಎರಡನೆಯ ರೂಪ. 1955ರಲ್ಲಿ ಅದು ಚಲನಚಿತ್ರವೂ ಆಯಿತು. ಗಿರೀಶಂ ಪಾತ್ರದಲ್ಲಿ ಎನ್.ಟಿ. ರಾಮರಾಯರೂ ಮಧುರವಾಣಿಯಾಗಿ ಸಾವಿತ್ರಿಯವರೂ ನಟಿಸಿದ್ದನ್ನು ನಮ್ಮ ಹಿರಿಯ ವಾಚಕರು ಮರೆತಿರಲಾರರು.

ಈ ನಾಟಕದ ಹಾಸ್ಯವನ್ನು ಅರಿಯಬೇಕಾದರೆ ಅದರ ಹಿಂದಿದ್ದ ದುಃಖವನ್ನು ಮೊದಲು ಅರಿಯಬೇಕು. ಆ ಕಾಲದಲ್ಲಿ ಈ ಸೀಮೆಯ ಕೆಲವು ಬ್ರಾಹ್ಮಣ ಅಗ್ರಹಾರಗಳಲ್ಲಿ ಹೆಣ್ಣುಮಗುವಿಗೆ ಬೆಲೆ ಕಟ್ಟಿ, ಹಣ ಪಡೆದು, ಮುದುಕರಿಗೆ ಮದುವೆ ಮಾಡಿಕೊಡುವ ಪದ್ಧತಿಯಿತ್ತು. ಸಂಸ್ಥಾನಾಧಿಪತಿಗಳಾದ ಆನಂದ ಗಜಪತಿ ಮಹಾರಾಜರು ವಿಶಾಖಪಟ್ಟಣ ಜಿಲ್ಲೆಯಲ್ಲಿ ಮೂರು ವರ್ಷಗಳ ಅವಧಿಯ ಇಂಥ ಮದುವೆಗಳ ಲೆಕ್ಕವನ್ನು ತೆಗೆಸಿದ್ದರು. ಅಪ್ಪಾರಾಯರು ನಾಟಕದ ಮುನ್ನುಡಿಯಲ್ಲಿ ಆ ಲೆಕ್ಕವನ್ನು ಕೊಟ್ಟಿದ್ದಾರೆ. ಸಿಕ್ಕಿದ ಮದುವೆಗಳು ಒಟ್ಟು 1034. ವಧುಗಳಲ್ಲಿ ಐದು ವರ್ಷದವರು 99, ನಾಲ್ಕು ವರ್ಷದವರು 44, ಮೂರು ವರ್ಷದವರು 36, ಎರಡು ವರ್ಷದವರು 6. ಒಂದು ವರ್ಷದ ಕೂಸುಗಳು 3. ಆ ಕೂಸುಗಳಿಗೆ ತಲಾ 350ರಿಂದ 400 ರೂಪಾಯಿಗಳ ಬೆಲೆ. ಗರ್ಭದಲ್ಲಿರುವ ಶಿಶುವಿಗೂ ಚೌಕಾಶಿ ನಡೆಯುವುದುಂಟೆಂದು ಅವರು ಬರೆದಿದ್ದಾರೆ. ಮುದುಕನಾದ ವರನು ಬೇಗನೆ ಕಣ್ಣು ಮುಚ್ಚಿದರೆ ಬಾಲವಿಧವೆಯು ತಲೆ ಬೋಳಿಸಿಕೊಂಡು ತವರಿನ ಮೂಲೆ ಸೇರುತ್ತಿದ್ದಳು.

ಇಂಥ ವಿಷಯವನ್ನು ಕೈಗೆತ್ತಿಕೊಂಡವನು ಕಣ್ಣೀರಿನ ನಾಟಕವನ್ನು ಬರೆದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಅಪ್ಪಾರಾಯರು ಬರೆದದ್ದು ಪ್ರಹಸನದ ಧಾಟಿಯ ನಾಟಕ. ಓದುವ ಅಭ್ಯಾಸವು ಜನರಲ್ಲಿ ಹರಡುವವರೆಗೂ ರಂಗಭೂಮಿಯೇ ಸುಧಾರಣೆಯ ಸಾಧನವೆಂಬುದು ಅವರ ಅಭಿಪ್ರಾಯವಾಗಿತ್ತು. ಉಪದೇಶಕ್ಕೆ ಕಿವಿ ಮುಚ್ಚಿಕೊಳ್ಳುವ ಅಗ್ರಹಾರವು ನಗೆಗೆ ಕಿವಿ ತೆರೆದೀತೆಂಬ ನಂಬಿಕೆ ಈ ಕೃತಿಯಲ್ಲಿ ಆದ್ಯಂತವೂ ಕಾಣುತ್ತದೆ.

ಕಥೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ: ಅಗ್ನಿಹೋತ್ರಾವಧಾನಿಯು ಹಿರಿಯ ಮಗಳನ್ನು ಮುದುಕನಿಗೆ ಕೊಟ್ಟು ಆಕೆ ವಿಧವೆಯಾಗಿ ಮನೆಯಲ್ಲಿರುವಾಗಲೇ ಕಿರಿಯ ಮಗಳನ್ನೂ ಲುಬ್ಧಾವಧಾನಿಯೆಂಬ ಜಿಪುಣ ಮುದುಕನಿಗೆ ಮಾರಲು ಹೊರಟಿದ್ದಾನೆ. ಆ ಸಂಬಂಧವನ್ನು ಮುರಿಯಲು ಹುಡುಗಿಯ ಸೋದರಮಾವನಾದ ಕರಟಕ ಶಾಸ್ತ್ರಿಯು ತನ್ನ ಶಿಷ್ಯನಿಗೇ ಹೆಣ್ಣುವೇಷ ಹಾಕಿ, ಅಗ್ಗದ ಬೆಲೆಗೆ ಆ ಮುದುಕನಿಗೆ ಮದುವೆ ಮಾಡಿಸುತ್ತಾನೆ. ‘ವಧು’ ಒಂದು ರಾತ್ರಿ ಮಾಯವಾಗುತ್ತದೆ. ಕೊಲೆಯ ಆರೋಪ ವರನ ಮೇಲೆ ಬರುತ್ತದೆ. ಎಲ್ಲರೂ ಕೋರ್ಟಿನ ಕೆಲಸಕ್ಕೆಂದು ವಿಶಾಖಪಟ್ಟಣಕ್ಕೆ ಬಂದು ಸೇರುತ್ತಾರೆ. ನಾಟಕದ ಗಂಟು ಬಿಚ್ಚುವುದು ನಾವು ದಿನವೂ ಓಡಾಡುವ ಈ ಊರಿನಲ್ಲಿಯೇ ಎಂಬುದನ್ನು ಇಲ್ಲಿನ ಎಷ್ಟು ಮಂದಿ ಕನ್ನಡಿಗರು ಬಲ್ಲರೋ ತಿಳಿಯದು.

ಆ ಕಾಲದ ವಿದ್ಯಾರ್ಥಿ ಜೀವನದ ಚಿತ್ರವಂತೂ ಈ ನಾಟಕದಲ್ಲಿ ಬಹು ಸೊಗಸಾಗಿ ಬಂದಿದೆ. ಗಿರೀಶಂ ನಾಲ್ಕು ಇಂಗ್ಲಿಷ್ ಮಾತು ಕಲಿತ ಮಾತುಗಾರ. ಸಾಲಗಾರರಿಂದ ತಪ್ಪಿಸಿಕೊಳ್ಳುವುದರಲ್ಲಿ ನಿಪುಣ. ವಿಧವಾ ವಿವಾಹ, ವೇಶ್ಯಾ ನಿಷೇಧ ಮುಂತಾದ ಅಂದಿನ ಸುಧಾರಣೆಗಳೆಲ್ಲವೂ ಅವನ ನಾಲಗೆಯ ತುದಿಯಲ್ಲಿವೆ. ಅವನ ಶಿಷ್ಯ ವೆಂಕಟೇಶಂ ಪರೀಕ್ಷೆಯಲ್ಲಿ ನಪಾಸಾಗಿ ತಂದೆಗೆ ಹೆದರಿ ಕುಳಿತ ಹುಡುಗ. ಗುರುವಿನಿಂದ ಅವನು ಕಲಿತದ್ದರಲ್ಲಿ ಮುಖ್ಯವಾದದ್ದು ಚುಟ್ಟ ಸೇದುವುದು. ರಜೆಯಲ್ಲಿ ಪಾಠ ಹೇಳುವ ನೆಪದಿಂದ ಗುರುವು ಶಿಷ್ಯನ ಹಳ್ಳಿಗೆ ಹೋಗುತ್ತಾನೆ. ಮಗನ ವಿದ್ಯೆಗಾಗಿ ಹಣ ಸುರಿದ ತಾಯಿಗೆ ಗುರುಶಿಷ್ಯರು ಇಂಗ್ಲಿಷಿನಲ್ಲಿ ಮಾತಾಡುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ. ಇಬ್ಬರೂ ಮಕ್ಕಳ ಪದ್ಯದ ತುಂಡುಗಳನ್ನೂ ಪಾಠಪುಸ್ತಕದ ಚೂರುಗಳನ್ನೂ ಗಂಭೀರವಾದ ಮುಖದಿಂದ ಒಬ್ಬರಿಗೊಬ್ಬರು ಒಪ್ಪಿಸುತ್ತಾರೆ. ತಾಯಿಯ ಹೃದಯ ತುಂಬಿ ಬರುತ್ತದೆ. ಸಭೆಯು ನಗುತ್ತದೆ, ಆದರೆ ಆ ತಾಯಿಯನ್ನು ನೋಡಿ ನಗಲು ನಮಗೆ ಮನಸ್ಸು ಬರುವುದಿಲ್ಲ. ಇಂಗ್ಲಿಷ್ ಬಂದರೆ ಎಲ್ಲವೂ ಬಂದಂತೆಯೇ ಎಂದು ನಂಬಿದ ಒಂದು ಕಾಲವೇ ಅಲ್ಲಿ ನಗೆಗೀಡಾಗಿದೆ. ಆ ಕಾಲ ಮುಗಿಯಿತೆಂದು ಹೇಳುವ ಧೈರ್ಯ ನಮಗಿಲ್ಲ.

ಈಗ ವಾಚಕರನ್ನು ನಮ್ಮ ಪಡುವಣ ಕರಾವಳಿಗೆ ಕರೆದೊಯ್ಯುತ್ತೇವೆ. ‘ಕನ್ಯಾಶುಲ್ಕಂ’ ರಂಗವೇರುವುದಕ್ಕೆ ಐದು ವರ್ಷ ಮೊದಲು, 1887ರಲ್ಲಿ, ಕನ್ನಡದಲ್ಲಿ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ವೆಂಬ ನಾಟಕವು ಪ್ರಕಟವಾಯಿತು. ಬರೆದವರು ಉತ್ತರ ಕನ್ನಡದ ಹೊನ್ನಾವರ ಸೀಮೆಯ ಕರ್ಕಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು. ನಾಟಕಕ್ಕೆ ಅವರಿಟ್ಟ ಎರಡನೆಯ ಹೆಸರು ‘ಕನ್ಯಾವಿಕ್ರಯದ ಪರಿಣಾಮವು’ ಎಂದು. ಹೊಸಗನ್ನಡದ ಮೊದಲ ಸಾಮಾಜಿಕ ನಾಟಕವೆಂದು ಸಾಹಿತ್ಯಚರಿತ್ರೆಯಲ್ಲಿ ಇದನ್ನು ಎಣಿಸುತ್ತಾರೆ. ಶಾಸ್ತ್ರಿಗಳು ಹವ್ಯಕರು, ನಾಟಕದಲ್ಲಿ ನಗೆಗೀಡಾದವರೂ ಹವ್ಯಕರು, ಪಾತ್ರಗಳು ಆಡುವುದು ಮನೆಯಲ್ಲಿ ಹವ್ಯಕರು ಆಡುವ ಮಾತನ್ನೇ. ಹೆಣ್ಣನ್ನು ಮಾರುವ ಅದೇ ಅನಿಷ್ಟವು ಆ ಕರಾವಳಿಯಲ್ಲಿಯೂ ಇತ್ತು. ಅದಕ್ಕೆ ಪ್ರಹಸನವೇ ಮದ್ದೆಂದು ಅಲ್ಲಿಯೂ ಒಬ್ಬರಿಗೆ ತೋರಿತು.

ಒಬ್ಬರು ಇನ್ನೊಬ್ಬರಿಂದ ಎರವಲು ಪಡೆದರೆಂದು ನಾವು ಹೇಳುತ್ತಿಲ್ಲ. ಪಡುವಣ ಕಡಲ ದಡದಲ್ಲಿ ಒಬ್ಬರು, ಮೂಡಣ ಕಡಲ ದಡದಲ್ಲಿ ಒಬ್ಬರು, ಒಂದೇ ರೋಗವನ್ನು ಕಂಡು ಒಂದೇ ಚಿಕಿತ್ಸೆಗೆ ಕೈ ಹಾಕಿದರೆಂಬುದೇ ವಿಚಾರಾರ್ಹವಾದ ಸಂಗತಿ. ಇಬ್ಬರಲ್ಲಿಯೂ ಎರಡು ಲಕ್ಷಣಗಳು ಸಮಾನವಾಗಿವೆ. ಮೊದಲನೆಯದು, ಇಬ್ಬರೂ ನಕ್ಕದ್ದು ತಮ್ಮವರನ್ನೇ. ಅಪ್ಪಾರಾಯರು ಬ್ರಾಹ್ಮಣರು, ಇಂಗ್ಲಿಷ್ ಓದಿದವರು, ಸುಧಾರಕ ಪಕ್ಷದವರು. ಅವರ ನಾಟಕದಲ್ಲಿ ಏಟು ತಿಂದವರು ಅಗ್ರಹಾರದ ಬ್ರಾಹ್ಮಣರು, ಇಂಗ್ಲಿಷ್ ಓದಿದ ಗಿರೀಶಂ, ಸುಧಾರಣೆಯ ಸೋಗು ಹಾಕುವವರು. ಎರಡನೆಯದು, ಇಬ್ಬರೂ ಗ್ರಂಥಭಾಷೆಯನ್ನು ಬಿಟ್ಟು ಆಡುಮಾತನ್ನು ಹಿಡಿದರು. ಅಪ್ಪಾರಾಯರೂ ಅವರ ಗೆಳೆಯರಾದ ಗಿಡುಗು ರಾಮಮೂರ್ತಿ ಪಂತುಲು ಅವರೂ ಮುಂದೆ ವ್ಯಾವಹಾರಿಕ ತೆಲುಗಿಗಾಗಿ ದೊಡ್ಡ ಹೋರಾಟವನ್ನೇ ನಡೆಸಿದರು. ಬೈಯುವುದಕ್ಕೂ ಹೊಗಳುವುದಕ್ಕೂ ಗ್ರಂಥಭಾಷೆ ಸಾಕು. ನಗುವುದಕ್ಕೆ ಅಡುಗೆಮನೆಯ ಮಾತೇ ಆಗಬೇಕು. ಇಂದು ನಾವು ಹೇಳಬೇಕೆಂದಿರುವುದರ ಸಾರವು ಇಷ್ಟೇ: ತನ್ನವರನ್ನು ತನ್ನ ಮಾತಿನಲ್ಲಿ ನಗಬಲ್ಲ ಜನವು ತನ್ನನ್ನು ತಿದ್ದಿಕೊಳ್ಳಬಲ್ಲದು, ಆ ನಗೆಯನ್ನು ಕಳೆದುಕೊಂಡ ಜನವು ಹಾಡು ಭಜನೆಗಳೆಷ್ಟನ್ನು ಉಳಿಸಿಕೊಂಡರೂ ಬಹಳ ಕಾಲ ತಾನಾಗಿ ಉಳಿಯದು.

ಕನ್ನಡ ತೆಲುಗು ರಂಗಭೂಮಿಗಳ ನಡುವಣ ದಾರಿಯು ಆ ಕಾಲದಲ್ಲಿ ಬಹು ಸವೆದ ದಾರಿಯಾಗಿತ್ತೆಂಬುದನ್ನೂ ಇಲ್ಲಿ ನೆನೆಯುವುದು ಉಚಿತ. 1880ರ ಸುಮಾರಿನಲ್ಲಿ ಧಾರವಾಡದ ನಾಟಕ ಮಂಡಳಿಯೊಂದು ಆಂಧ್ರದ ಕರಾವಳಿಯ ಊರುಗಳಲ್ಲಿ ನಾಟಕಗಳನ್ನಾಡಿ ಜನರ ಮನಸ್ಸನ್ನು ಸೂರೆಗೊಂಡಿತು. ಅದನ್ನು ಕಂಡ ಹುರುಪಿನಲ್ಲಿಯೇ ರಾಜಮಹೇಂದ್ರಿಯ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ತಮ್ಮ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ನಾಟಕವಾಡಿಸಿದರು. ವಿಧವಾ ವಿವಾಹದ ಧೀರರೆಂದು ಇವರನ್ನು ಎಲ್ಲರೂ ಬಲ್ಲರು. ಆದರೆ 1881ರ ಡಿಸೆಂಬರಿನಲ್ಲಿ ಮೊದಲ ವಿಧವಾ ವಿವಾಹವನ್ನು ಮಾಡಿಸುವುದಕ್ಕೆ ಐದು ವರ್ಷ ಮೊದಲೇ ‘ಹಾಸ್ಯ ಸಂಜೀವನಿ’ಯೆಂಬ ವಿನೋದ ಪತ್ರಿಕೆಯನ್ನು ಅವರು ಆರಂಭಿಸಿದ್ದರೆಂಬುದನ್ನು ಅನೇಕರು ಅರಿಯರು. ನಗೆಯು ಮೊದಲು ಬಂದು ನೆಲವನ್ನು ಉತ್ತಿತು; ಸುಧಾರಣೆಯ ಬೀಜ ಆಮೇಲೆ ಬಿತ್ತು.

ಬಳ್ಳಾರಿಯ ವಿಷಯವನ್ನಂತೂ ಹೇಳಬೇಕಾದುದೇ ಇಲ್ಲ. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಆ ಊರಿನ ವಕೀಲರಾದ ಧರ್ಮವರಂ ರಾಮಕೃಷ್ಣಾಚಾರ್ಯರು ‘ಸರಸ ವಿನೋದಿನೀ ಸಭೆ’ಯನ್ನು ಕಟ್ಟಿ, ಹಾಡುಗಳಿಂದ ತುಂಬಿದ ತೆಲುಗು ನಾಟಕಗಳನ್ನು ಬರೆದು ಆಡಿಸಿದರು, ತೆಲುಗರು ಅವರನ್ನು ‘ಆಂಧ್ರ ನಾಟಕ ಪಿತಾಮಹ’ರೆಂದು ಕರೆಯುತ್ತಾರೆ. ಅವರ ಸಮಕಾಲೀನರಾದ ಕೋಲಾಚಲಂ ಶ್ರೀನಿವಾಸರಾಯರೂ ಅದೇ ಊರಿನವರು. 1953ರಲ್ಲಿ ಬಳ್ಳಾರಿಯು ಮೈಸೂರು ರಾಜ್ಯಕ್ಕೆ ಸೇರಿತು. ತೆಲುಗು ನಾಟಕದ ಪಿತಾಮಹನ ಊರು ಕರ್ಣಾಟಕದಲ್ಲಿದೆ; ಕನ್ನಡಿಗರಾದ ನಾವು ತೆಲುಗು ನಾಟಕದ ಊರಿನಲ್ಲಿದ್ದೇವೆ. ಈ ಲೆಕ್ಕದಲ್ಲಿ ಯಾರು ಯಾರಿಗೆ ಪರಕೀಯರು?

ಸಂಗೀತದ ಮಾತಿಗೆ ಬಂದರೆ, ವಿಜಯನಗರಂ ಊರಿನವರೇ ಆದ ಆದಿಭಟ್ಲ ನಾರಾಯಣದಾಸರು (1864-1945) ಹರಿಕಥೆಯನ್ನು ಒಂದು ಮಹಾಕಲೆಯನ್ನಾಗಿ ಮಾಡಿದರು. ಎರಡು ಕೈ, ಎರಡು ಕಾಲುಗಳಿಂದ ಬೇರೆ ಬೇರೆ ತಾಳಗಳನ್ನು ಹಾಕುತ್ತ ಹಾಡಬಲ್ಲವರೆಂದು ಅವರ ಖ್ಯಾತಿ. ಆದರೆ ಹರಿಕಥೆಯೆಂದರೆ ಲಯದ ಕಸರತ್ತು ಮಾತ್ರವಲ್ಲ. ಪುರಾಣದ ನಡುವೆ ಊರಿನ ಮಾತನ್ನು ತಂದು, ಎದುರಿಗೆ ಕುಳಿತ ಸಾಹುಕಾರನಿಗೂ ಶಾಸ್ತ್ರಿಗೂ ತಟ್ಟುವಂತೆ ಒಂದು ಚಟಾಕಿ ಹಾರಿಸಿ, ಸಭೆ ನಗುತ್ತಿರುವಾಗಲೇ ಮತ್ತೆ ಭಕ್ತಿಗೆ ತಿರುಗುವುದು ಆ ಕಲೆಯ ಮರ್ಮ. ನಮ್ಮ ಕೀರ್ತನಕಾರರೂ ಇದನ್ನು ಚೆನ್ನಾಗಿ ಬಲ್ಲವರು. ದಾಸರ ಹರಿಕಥೆಗೆ ಮೈಸೂರಿನ ಚಾಮರಾಜೇಂದ್ರ ಒಡೆಯರ ಮನ್ನಣೆಯೂ ದೊರೆತಿತ್ತು. ಮುಂದೆ 1919ರಲ್ಲಿ ವಿಜಯನಗರಂನಲ್ಲಿ ಸಂಗೀತ ಕಾಲೇಜು ಸ್ಥಾಪಿತವಾದಾಗ ಅವರೇ ಅದರ ಮೊದಲ ಪ್ರಿನ್ಸಿಪಾಲರಾದರು. ಪಿಟೀಲು ಕಲಿಯಬೇಕೆಂದು ಅಲ್ಲಿಗೆ ಬಂದ ತರುಣನೊಬ್ಬನ ವಾದನವನ್ನು ಕೇಳಿ, ಇವನು ಕಲಿಯತಕ್ಕವನಲ್ಲ, ಕಲಿಸತಕ್ಕವನು ಎಂದು ಅವನನ್ನು ಅಧ್ಯಾಪಕನನ್ನಾಗಿಯೇ ಮಾಡಿಕೊಂಡರು. ಆ ತರುಣನೇ ದ್ವಾರಂ ವೆಂಕಟಸ್ವಾಮಿ ನಾಯುಡು. ಹುಟ್ಟಿದ್ದು 1893ರಲ್ಲಿ, ಬೆಂಗಳೂರಿನಲ್ಲಿ.

ವಿಜಯವಾಡದ ನಮ್ಮ ಬಂಧುಗಳು ತಮ್ಮ ಊರನ್ನು ಮರೆತೆವೆಂದು ಮುನಿಯಬಾರದು. ಅವರ ಊರಿನಿಂದ ಒಂದೆರಡು ಗಂಟೆಯ ದಾರಿಯಲ್ಲಿ ಕೂಚಿಪೂಡಿ ಗ್ರಾಮವಿದೆ. ಇಂದು ಕೂಚಿಪೂಡಿಯೆಂದರೆ ನೃತ್ಯವೆಂದೇ ತಿಳಿಯುವವರು ಹೆಚ್ಚು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಊರೂರು ತಿರುಗುವ ಭಾಗವತರ ಆಟವಾಗಿತ್ತು. ‘ಭಾಮಾಕಲಾಪ’ದಲ್ಲಿ ಸತ್ಯಭಾಮೆಯ ಗರ್ವವನ್ನು ಕೆಣಕಿ ಕೆಣಕಿ ಇಳಿಸುವ ಸಖಿಯ ಪಾತ್ರವು ವಿದೂಷಕನ ಕೆಲಸವನ್ನೇ ಮಾಡುತ್ತದೆ. ‘ಗೊಲ್ಲಕಲಾಪ’ದಲ್ಲಿ ಮೊಸರು ಮಾರುವ ಹೆಂಗಸು ಬ್ರಾಹ್ಮಣನನ್ನು ತಡೆದು ನಿಲ್ಲಿಸಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾಳೆ, ಆಟವನ್ನು ಆಡುತ್ತಿದ್ದವರೂ ಬ್ರಾಹ್ಮಣರೇ. ದಕ್ಷಿಣ ಕನ್ನಡದವರಿಗೆ ಇದು ಹೊಸತಲ್ಲ. ರಾಜನು ಸಿಂಹಾಸನದ ಮೇಲಿರುವಾಗಲೇ ಅವನ ಎದುರಿಗೆ ಆಡಬಾರದ ಮಾತನ್ನು ಆಡಬಲ್ಲವನು ಯಕ್ಷಗಾನದ ಹಾಸ್ಯಗಾರನೊಬ್ಬನೇ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ಅಂದಿನ ನಗೆಯೆಲ್ಲವೂ ಒಳ್ಳೆಯ ನಗೆಯಾಗಿರಲಿಲ್ಲ. ಹೆಂಗಸರನ್ನು, ವಿಧವೆಯರನ್ನು, ದೇವದಾಸಿಯರನ್ನು, ಕೆಳಜಾತಿಯವರ ನುಡಿಯನ್ನು ಹೀಯಾಳಿಸಿ ನಗಿಸಿದ ನಾಟಕಗಳಿಗೆ ಆಗಲೂ ಕೊರತೆಯಿರಲಿಲ್ಲ. ಅಪ್ಪಾರಾಯರ ಹಿರಿಮೆಯಿರುವುದು ಇಲ್ಲಿಯೇ. ವೇಶ್ಯೆಯನ್ನು ಕಣ್ಣೆತ್ತಿ ನೋಡುವುದೂ ಪಾಪವೆಂದು ಸುಧಾರಕರು ಸಾರುತ್ತಿದ್ದ ಕಾಲದಲ್ಲಿ ಅವರು ತಮ್ಮ ನಾಟಕದ ಬುದ್ಧಿಯನ್ನೂ ಕರುಣೆಯನ್ನೂ ಮಧುರವಾಣಿಯೆಂಬ ವೇಶ್ಯೆಯ ಕೈಯಲ್ಲಿಟ್ಟರು. ಗಂಡಸರೆಲ್ಲರೂ ಕಟ್ಟಿದ ಗೋಜಲನ್ನು ಬಿಡಿಸುವವಳು ಅವಳು. ವೇಶ್ಯಾ ನಿಷೇಧದ ವ್ರತವನ್ನು ಹಿಡಿದ ಸಜ್ಜನ ವಕೀಲನನ್ನು ನಯವಾಗಿ ನಗಿಸಿ, ಯೋಚಿಸುವಂತೆ ಮಾಡುವವಳೂ ಅವಳೇ. ನಗೆಗೆ ಯಾರು ಗುರಿ ಎಂಬುದರಿಂದಲೇ ಹಾಸ್ಯವೂ ಅಪಹಾಸ್ಯವೂ ಬೇರೆಯಾಗುತ್ತವೆ. ಬಲವುಳ್ಳವನ ಕಡೆಗೆ ತಿರುಗಿದರೆ ಅದು ಹಾಸ್ಯ. ಬಲವಿಲ್ಲದವನ ಕಡೆಗೆ ತಿರುಗಿದರೆ ಅದು ಹಿಂಸೆ.

ಈ ಅಳತೆಗೋಲನ್ನು ನಮ್ಮ ಇಂದಿನ ಕೂಟಗಳಿಗೆ ಹಿಡಿದು ನೋಡೋಣ. ರಾಜ್ಯೋತ್ಸವದ ವೇದಿಕೆಯಲ್ಲಿ ಹಾಸ್ಯವೆಂಬ ಒಂದು ಬಾಬು ಇರುತ್ತದೆ. ಅಲ್ಲಿ ನಗೆಗೀಡಾಗುವವರು ಯಾರು? ದಪ್ಪನೆಯ ಹೆಂಗಸು, ಕಿವುಡ ಮುದುಕ, ಮನೆಗೆಲಸದವಳು, ತೊದಲುವವನು, ನೆರೆರಾಜ್ಯದವನ ಉಚ್ಚಾರಣೆ. ಅರ್ಧಗಂಟೆ ಚಪ್ಪಾಳೆ ಬೀಳುತ್ತದೆ. ಸಭೆಯಲ್ಲಿ ಕುಳಿತ ಯಾರೊಬ್ಬರ ಎದೆಯೂ ಚುರುಕ್ಕೆನ್ನುವುದಿಲ್ಲ. ಮನೆಗೆ ಹೋಗುವಾಗ ಯಾರೂ ಯಾವುದನ್ನೂ ಹೊತ್ತುಕೊಂಡು ಹೋಗುವುದಿಲ್ಲ.

ನಗಬೇಕಾದ ವಿಷಯಗಳಿಗೆ ಬರಗಾಲವೇನೂ ಬಂದಿಲ್ಲ. ಅಂದು ಹೆಣ್ಣಿಗೆ ಬೆಲೆಯಿತ್ತು; ಇಂದು ಗಂಡಿಗೆ ಬೆಲೆಯಿದೆ. ತಕ್ಕಡಿ ಅದೇ; ತಟ್ಟೆಯಲ್ಲಿ ಕುಳಿತವರು ಮಾತ್ರ ಬದಲಾದರು. ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು 1961ರಲ್ಲಿ ಬಂದಿತು. ಆದರೂ ಹುಡುಗನ ಓದು, ನೌಕರಿ, ಪರದೇಶದ ವಾಸ ಇವುಗಳಿಗೆ ದರವನ್ನು ಗೊತ್ತುಪಡಿಸುವ ಮಾತು ಈ ಕರಾವಳಿಯಲ್ಲಿಯೂ ಆ ಕರಾವಳಿಯಲ್ಲಿಯೂ ಕಿವಿಗೆ ಬೀಳುತ್ತಲೇ ಇದೆ. ನಮ್ಮವರ ಮನೆಗಳಲ್ಲಿ ಅದು ‘ವರೋಪಚಾರ’ವೆಂದೂ ‘ಮಗಳಿಗೆ ನಾವಾಗಿ ಕೊಟ್ಟದ್ದು’ ಎಂದೂ ಹೆಸರು ಬದಲಿಸಿಕೊಂಡು ಒಳಬರುತ್ತದೆ. ಲುಬ್ಧಾವಧಾನಿಯು ಸೂಟು ತೊಟ್ಟು ಕಲ್ಯಾಣ ಮಂಟಪದ ಬಾಗಿಲಿನಲ್ಲಿ ನಿಂತರೆ ನಾವು ಅವನಿಗೆ ಪನ್ನೀರು ಚಿಮುಕಿಸಿ ಒಳಗೆ ಕರೆಯುತ್ತೇವೆ. ಆತನನ್ನು ನೋಡಿ ನಗುವ ನಾಟಕವನ್ನು ನಮ್ಮಲ್ಲಿ ಯಾರು ಬರೆದಿದ್ದಾರೆ?

ವಿದ್ಯಾರ್ಥಿ ಜೀವನದ ವಿಷಯದಲ್ಲಿಯೂ ಹೀಗೆಯೇ. ಆಂಧ್ರ ವಿಶ್ವವಿದ್ಯಾಲಯವು 1926ರಲ್ಲಿ ಹುಟ್ಟಿದ್ದು ಬೆಜವಾಡದಲ್ಲಿ. ಅದರ ಮೊದಲ ಕುಲಪತಿಗಳಾದ ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರು ಅದಕ್ಕೆ ಮೊದಲು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ಅಂಥ ವಿಜಯವಾಡವು ಇಂದು ಪ್ರವೇಶ ಪರೀಕ್ಷೆಗಳ ತರಬೇತಿಗೆ ಹೆಸರಾಗಿದೆ. ನಸುಕಿನಿಂದ ನಡುರಾತ್ರಿಯವರೆಗೆ ಹುಡುಗರು ಲೆಕ್ಕ ಬಿಡಿಸುತ್ತ ಕೂಡುವ ವಸತಿ ಕಾಲೇಜುಗಳಲ್ಲಿ ನಾಟಕಕ್ಕೆ ವೇಳೆಯಿಲ್ಲ, ಹಾಡಿಗೆ ವೇಳೆಯಿಲ್ಲ, ಗುರುವನ್ನು ಅಣಕಿಸುವುದಕ್ಕೂ ವೇಳೆಯಿಲ್ಲ. ನಪಾಸಾದ ವೆಂಕಟೇಶಂ ತಂದೆಗೆ ಹೆದರಿದನು, ಆದರೆ ನಗುತ್ತ ಬದುಕಿದನು. ಇಂದಿನ ವೆಂಕಟೇಶಂ ಕಡಿಮೆ ಅಂಕ ಬಂದಾಗ ಏನು ಮಾಡಿಕೊಂಡಾನೋ ಎಂದು ತಾಯಿತಂದೆಗಳು ಬೆಚ್ಚಿ ಕೂಡುವಂತಾಗಿದೆ. ಮಗನ ಇಂಗ್ಲಿಷನ್ನು ಕೇಳಿ ಹಿಗ್ಗಿದ ಆ ತಾಯಿಯ ಜಾಗದಲ್ಲಿ ಈಗ ಮಗನ ಅಂಕಪಟ್ಟಿಯನ್ನು ಹಿಡಿದ ನಾವಿದ್ದೇವೆ. ಗಿರೀಶಂ ಇಂದು ಬದುಕಿದ್ದರೆ ಸಾಲಗಾರರಿಂದ ತಲೆತಪ್ಪಿಸಿಕೊಂಡು ಓಡುತ್ತಿರಲಿಲ್ಲ. ಒಂದು ತರಬೇತಿ ಸಂಸ್ಥೆಯನ್ನು ತೆರೆದು, ಅದರ ಫಲಕದ ಮೇಲೆ ತನ್ನ ಚಿತ್ರವನ್ನು ಹಾಕಿಸಿಕೊಂಡು, ನಮ್ಮ ಸಂಘಗಳಿಗೆ ಮುಖ್ಯ ಅತಿಥಿಯಾಗಿ ಬರುತ್ತಿದ್ದನು.

ಇದಕ್ಕೆ ಒಂದು ಆಕ್ಷೇಪಣೆ ಬರುವುದನ್ನು ನಾವು ಬಲ್ಲೆವು. ಪರಸ್ಥಳದಲ್ಲಿ ನಾವು ಕೆಲವೇ ಮಂದಿ. ನಮ್ಮಲ್ಲಿ ಒಗ್ಗಟ್ಟು ಮುಖ್ಯ. ನಮ್ಮ ಹುಳುಕನ್ನು ನಾಲ್ಕು ಜನರ ಎದುರಿಗೆ ನಾವೇ ಬಿಚ್ಚಿಟ್ಟರೆ ನಗೆಪಾಟಲಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಈ ಅಂಜಿಕೆಯನ್ನು ನಾವು ತುಚ್ಛವಾಗಿ ಕಾಣುವುದಿಲ್ಲ. ಸಣ್ಣ ಸಮುದಾಯದಲ್ಲಿ ಒಂದು ಮಾತು ತಾಗಿದರೆ ಅದರ ನೋವು ಹತ್ತು ಮನೆಗಳಿಗೆ ಮುಟ್ಟುತ್ತದೆ. ಆದರೆ ಸೂರಿ ವೆಂಕಟರಮಣ ಶಾಸ್ತ್ರಿಗಳ ಹವ್ಯಕ ಸಮಾಜವು ಎಷ್ಟು ದೊಡ್ಡದಾಗಿತ್ತು? ಎಲ್ಲರಿಗೂ ಎಲ್ಲರ ನೆಂಟಸ್ತಿಕೆ ಗೊತ್ತಿದ್ದ ಸಮಾಜವದು. ಅಲ್ಲಿ ನಿಂತು ಅವರು ನಕ್ಕರು. ಆ ನಗೆಯಿಂದ ಹವ್ಯಕರ ಮಾನವೇನೂ ಕುಂದಲಿಲ್ಲ. ಕನ್ನಡದ ಮೊದಲ ಸಾಮಾಜಿಕ ನಾಟಕವು ತಮ್ಮ ಮನೆಯ ಮಾತಿನಲ್ಲಿದೆಯೆಂದು ಹೇಳಿಕೊಳ್ಳುವ ಭಾಗ್ಯವೇ ಅವರಿಗೆ ಬಂದಿತು. ಹುಳುಕನ್ನು ಮುಚ್ಚಿಟ್ಟರೆ ಅದು ಬೆಳೆಯುವುದೇ ಹೊರತು ಬತ್ತುವುದಿಲ್ಲ. ನಾಲ್ಕು ಜನ ಕೂಡಿ ನಕ್ಕ ಹುಳುಕನ್ನು ಮರುದಿನ ಹೆಮ್ಮೆಯಿಂದ ಆಚರಿಸುವುದು ಯಾರಿಗೂ ಸುಲಭವಲ್ಲ.

ಆದಕಾರಣ ಈ ಎರಡು ಊರುಗಳ ಸಂಘಗಳ ಮುಂದೆ ಒಂದು ಸಣ್ಣ ಸಲಹೆಯನ್ನು ಇಡುತ್ತೇವೆ. ಬರುವ ನವಂಬರಿನಲ್ಲಿ ‘ಇಗ್ಗಪ್ಪ ಹೆಗಡೆ’ಯಿಂದ ಕೆಲವು ದೃಶ್ಯಗಳನ್ನೂ ‘ಕನ್ಯಾಶುಲ್ಕಂ’ನಿಂದ ಕೆಲವು ದೃಶ್ಯಗಳನ್ನೂ ಒಂದೇ ರಂಗದ ಮೇಲೆ, ಒಂದು ಸಂಜೆ ವಿಶಾಖಪಟ್ಟಣದಲ್ಲಿ, ಒಂದು ಸಂಜೆ ವಿಜಯವಾಡದಲ್ಲಿ ಆಡಿ ತೋರಿಸಬೇಕು. ಕನ್ನಡವನ್ನು ನಮ್ಮ ಮಕ್ಕಳು ಆಡಲಿ. ತೆಲುಗನ್ನು ನೆರೆಮನೆಯ ಮಕ್ಕಳು ಆಡಲಿ. ನಮ್ಮ ಮಕ್ಕಳಿಗೆ ತೆಲುಗು ಚೆನ್ನಾಗಿಯೇ ಬರುವುದರಿಂದ ಎರಡು ನಗೆಯನ್ನೂ ಅನುಭವಿಸುವ ಯೋಗ ಅವರಿಗೇ ಹೆಚ್ಚು. ಭಾಷಣ ಸ್ಪರ್ಧೆಗಳ ಜೊತೆಗೆ, ಅಜ್ಜ ಅಜ್ಜಿಯರಿಂದ ಕೇಳಿದ ಒಂದು ನಗೆಯ ಕಥೆಯನ್ನು ಅವರ ಊರಿನ ಮಾತಿನಲ್ಲಿಯೇ ಹೇಳುವ ಸ್ಪರ್ಧೆಯೊಂದನ್ನು ಇಡಬೇಕು. ಅದು ಧಾರವಾಡದ ಮಾತಾಗಲಿ, ಕುಂದಾಪುರದ್ದಾಗಲಿ, ಬಳ್ಳಾರಿಯದಾಗಲಿ, ಹವ್ಯಕರದ್ದಾಗಲಿ, ತಿದ್ದದೆ ಬಹುಮಾನ ಕೊಡಬೇಕು. ಅದರ ಮೇಲೆ, ನಮ್ಮವರನ್ನೇ ಕುರಿತ ಒಂದು ಹೊಸ ಪ್ರಹಸನವನ್ನು ನಮ್ಮ ತರುಣರು ಬರೆಯಬೇಕು. ವರದಕ್ಷಿಣೆಯಿದೆ, ತರಬೇತಿಯ ಕಾಲೇಜಿದೆ, ಸಂಘಗಳ ಅಧ್ಯಕ್ಷ ಪದವಿಗಾಗಿ ನಡೆಯುವ ಮಲ್ಲಯುದ್ಧವಿದೆ, ಇವೆಲ್ಲಕ್ಕೂ ಬುದ್ಧಿ ಹೇಳಲು ಹೊರಟ ಪತ್ರಿಕೆಯವರಾದ ನಾವೂ ಇದ್ದೇವೆ. ನಮ್ಮಿಂದಲೇ ಆರಂಭಿಸಿದರೆ ನಮ್ಮದೇನೂ ಅಭ್ಯಂತರವಿಲ್ಲ; ಮುಂದಿನ ಸಾಲಿನಲ್ಲಿ ಕುಳಿತು ನಗುತ್ತೇವೆ.

ಆ ರಾತ್ರಿ ಕೂಟ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದಾಗ ಆ ಬಾಲಕನು ಮತ್ತೆ ಹಿರಿಯರ ಬಳಿಗೆ ಬಂದು, ಕಥೆಯಲ್ಲಿ ಬಂದ ಒಂದು ಮಾತಿಗೆ ಅರ್ಥವೇನೆಂದು ಕೇಳಿದನು. ಹಿರಿಯರು ಅರ್ಥವನ್ನು ಹೇಳಲಿಲ್ಲ. ಆ ಮಾತನ್ನು ಯಾರು, ಯಾವ ಸೊಲ್ಲಿನಲ್ಲಿ, ಎಂಥ ಮುಖಮಾಡಿಕೊಂಡು ಆಡುತ್ತಿದ್ದರೆಂದು ನಿಂತಲ್ಲಿಯೇ ಆಡಿ ತೋರಿಸಿದರು. ಬಾಲಕನು ಒಂದು ಕ್ಷಣ ಅವರ ಮುಖವನ್ನೇ ನೋಡುತ್ತಿದ್ದು, ಆಮೇಲೆ ಫಕ್ಕನೆ ನಕ್ಕನು. ಇನ್ನೂ ಹೊತ್ತು ಮೀರಿಲ್ಲವೆಂದು ನಮಗನ್ನಿಸಿದ್ದು ಆಗ.